ಆ ನೋಟಿಸಿನ ಹಿಂಬದಿ ಖಾಲಿಯಿದೆ

ಗೆ,
ಕುಟುಂಬ ವ್ಯಾಜ್ಯಗಳ ಮಧ್ಯಸ್ಥಿಕೆ ನಡೆಸುವ ಎಲ್ಲ ಮಧ್ಯಸ್ಥಗಾರರಿಗೆ, ಮಧ್ಯಸ್ಥಿಕೆ ಕೇಂದ್ರಗಳ ಹೊಣೆ ಹೊತ್ತವರಿಗೆ ಮತ್ತು ನಮ್ಮನ್ನು ಅಲ್ಲಿಗೆ ಕಳಿಸಿಕೊಡುವ ನ್ಯಾಯಾಧೀಶರಿಗೆ

ವಿಷಯ: ಮಧ್ಯಸ್ಥಿಕೆಗೆ ಕರೆಯುವಾಗಲೇ ಅದಕ್ಕೆ ಸಿದ್ಧರಾಗುವುದು ಹೇಗೆಂದು ತಿಳಿಸಬೇಕೆಂಬ ಕೋರಿಕೆ

ಮಾನ್ಯರೇ,

ನನಗೆ ಬಂದ ನೋಟಿಸನ್ನು ಇನ್ನೂ ಎತ್ತಿಟ್ಟಿದ್ದೇನೆ. ಅರ್ಧ ಹಾಳೆ. ಪ್ರಕರಣದ ಸಂಖ್ಯೆ, ಇಬ್ಬರ ಹೆಸರು, ತಾರೀಕು, ಹೊತ್ತು, ಕೊಠಡಿ ಸಂಖ್ಯೆ, ಕೊನೆಗೆ ‘ತಪ್ಪದೆ ಹಾಜರಾಗತಕ್ಕದ್ದು’. ಮೊಹರು ಸ್ವಲ್ಪ ಓರೆಯಾಗಿ ಬಿದ್ದಿದೆ. ತಿರುಗಿಸಿದರೆ ಹಿಂಬದಿ ಪೂರ್ತಿ ಖಾಲಿ. ಈ ಪತ್ರ ಆ ಖಾಲಿ ಬದಿಯ ಬಗ್ಗೆ.

ನಾನು ಕಾನೂನು ಓದಿದವಳಲ್ಲ. ಹನ್ನೊಂದು ವರ್ಷದ ಸಂಸಾರ ಮುರಿದು, ಒಂಬತ್ತು ವರ್ಷದ ಮಗಳ ವಿಚಾರ ಇತ್ಯರ್ಥವಾಗದೆ, ಅಂಥ ಒಂದು ಕೊಠಡಿಯ ಮೇಜಿನ ಈಚೆ ಬದಿಗೆ ಐದು ಸಲ ಕೂತವಳು. ಕೊನೆಗೆ ಒಪ್ಪಂದವಾಯಿತು, ಇವತ್ತಿಗೂ ಇಬ್ಬರೂ ಅದರಂತೆ ನಡೆಯುತ್ತಿದ್ದೇವೆ. ಹಾಗಾಗಿ ಮಧ್ಯಸ್ಥಿಕೆಯೇ ಬೇಡ ಎನ್ನುವ ಪತ್ರ ಇದಲ್ಲ. ಕಟಕಟೆಯಲ್ಲಿ ನಿಂತು ಒಬ್ಬರನ್ನೊಬ್ಬರು ಕಳ್ಳರ ಹಾಗೆ ಕೆದಕಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಐದರಲ್ಲಿ ಮೂರು ಸಲ ನಾವು ಕೂತದ್ದು ದಂಡ. ಅದನ್ನು ತಪ್ಪಿಸಬಹುದಿತ್ತು ಎನ್ನುವುದಷ್ಟೇ ನನ್ನ ದೂರು.

ಮೊದಲ ದಿನ ನಾನು ಹೊತ್ತುಕೊಂಡು ಹೋದದ್ದು ಏನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯ 140 ಪುಟಗಳ ಪ್ರಿಂಟ್‌ಔಟ್. ನೋವಾದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದಿದ್ದೆ. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಅದು. ಬ್ಯಾಂಕ್ ಪಾಸ್‌ಬುಕ್ ಮನೆಯ ಡ್ರಾಯರಿನಲ್ಲೇ ಇತ್ತು. ಆ ಕಟ್ಟನ್ನು ಮೇಜಿನ ಮೇಲಿಟ್ಟಾಗ ಮಧ್ಯಸ್ಥಗಾರರು ಅದನ್ನು ಮುಟ್ಟಲೂ ಇಲ್ಲ. “ಇದೆಲ್ಲ ಇಲ್ಲಿ ಬೇಕಾಗಲ್ಲಮ್ಮ. ಯಾರದು ತಪ್ಪು ಅಂತ ನಾವು ನೋಡೋದಿಲ್ಲ” ಅಂದರು. ಸಿಟ್ಟಿನ ದನಿಯಲ್ಲ, ಮೆತ್ತಗೇ ಹೇಳಿದರು. ನನಗೆ ಮಾತ್ರ ಪರೀಕ್ಷೆಗೆ ಬೇರೆ ವಿಷಯ ಓದಿಕೊಂಡು ಬಂದವಳ ಹಾಗಾಯಿತು.

ಮುಂದಿನ ಪ್ರಶ್ನೆ: “ತಿಂಗಳಿಗೆ ಎಷ್ಟಾದರೆ ಸಾಕು, ಹೇಳಿ.”

ಬಾಯಿಗೆ ಬಂದ ಒಂದು ಅಂಕಿ ಹೇಳಿಬಿಟ್ಟೆ. ಮನೆ ಬಾಡಿಗೆ, ಶಾಲೆಯ ಫೀಸು, ಊಟ, ಮೇಲೊಂದಿಷ್ಟು, ಇಷ್ಟೇ ಲೆಕ್ಕ. ಶಾಲೆಯ ವ್ಯಾನು ಅದರಲ್ಲಿರಲಿಲ್ಲ. ಪ್ರತಿ ವರ್ಷ ಬದಲಾಗುವ ಮಗಳ ಕನ್ನಡಕ ಇರಲಿಲ್ಲ. ವರ್ಷಕ್ಕೊಮ್ಮೆ ಬಂದು ತಲೆ ಮೇಲೆ ಕೂರುವ ವಿಮೆಯ ಕಂತಾಗಲಿ, ನನ್ನ ಹೆಸರಿನಲ್ಲೇ ತೆಗೆದು ಇಬ್ಬರೂ ಬಳಸಿದ ಸಾಲವಾಗಲಿ ಇರಲಿಲ್ಲ. ಮಧ್ಯಸ್ಥಗಾರರು ಆ ಅಂಕಿಯನ್ನು ಬರೆದುಕೊಂಡು ಕೆಳಗೊಂದು ಗೆರೆ ಎಳೆದರು. ಎದುರಿಗೆ ಕೂತಿದ್ದ ಮಗಳ ತಂದೆಯೂ ಬರೆದುಕೊಂಡರು.

ಮನೆಗೆ ಬಂದು ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ 30 ದಿನ, ಖರ್ಚಾದದ್ದನ್ನೆಲ್ಲ ಖರ್ಚಾದ ಹಾಗೇ ಬರೆದೆ. ವರ್ಷಕ್ಕೊಮ್ಮೆ ಬರುವವನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿದೆ. ಕೂಡಿದರೆ, ನಾನು ಹೇಳಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು. ಎರಡನೇ ಸಲ ಹೋಗಿ ಇದನ್ನು ಹೇಳಿದಾಗ ಎದುರಿನಿಂದ ಬಂದ ಮಾತು: “ಅವತ್ತು ಒಂದು ಹೇಳಿದ್ರಿ, ಇವತ್ತು ಇನ್ನೊಂದು ಹೇಳ್ತೀರಿ. ನಾಳೆ ಎಷ್ಟು ಹೇಳ್ತೀರೋ!” ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆ ಮೊದಲ ಅಂಕಿಯನ್ನು ಮೇಜಿನ ಮೇಲಿಂದ ಕದಲಿಸುವುದಕ್ಕೇ ಮೂರು ದಿನದ ಮಾತುಕತೆ ಹೋಯಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ನನ್ನದು ಅದೂ ಅಲ್ಲ, ಬಾಣ ಬಿಟ್ಟ ಮೇಲೆ ಗುರಿ ಹುಡುಕಿದ್ದು.

ಎದುರಿಗಿದ್ದವರ ಕೈಯಲ್ಲಿ ಒಂದು ಫೈಲಿತ್ತು. ಬಣ್ಣಬಣ್ಣದ ಚೀಟಿ ಅಂಟಿಸಿ ವಿಂಗಡಿಸಿದ್ದರು. ಸಂಬಳದ ಚೀಟಿ ಒಂದು ಕಡೆ, ಸಾಲದ ಕಂತು ಒಂದು ಕಡೆ, ತಂದೆ ತಾಯಿಯ ಔಷಧದ ಬಿಲ್ಲು ಇನ್ನೊಂದು ಕಡೆ. ಅವರನ್ನು ಇಲ್ಲಿ ದೂರುತ್ತಿಲ್ಲ. ಇದನ್ನೆಲ್ಲ ಹಾದುಬಂದ ಸಹೋದ್ಯೋಗಿಯೊಬ್ಬರು ಅವರ ಆಫೀಸಿನಲ್ಲಿದ್ದರು, ಏನೇನು ಒಯ್ಯಬೇಕೆಂದು ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ನನಗೆ ಅಂಥವರು ಸಿಗಲಿಲ್ಲ. ನನ್ನ ವಕೀಲರನ್ನು ಕೇಳಿದ್ದಕ್ಕೆ, “ಹೋಗಿ ಬನ್ನಿ, ಅದೊಂದು ಫಾರ್ಮಾಲಿಟಿ” ಅಂದಿದ್ದರು.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಧ್ಯಸ್ಥಗಾರರು ಇಬ್ಬರಲ್ಲಿ ಯಾರ ಕಡೆಗೂ ವಾಲಬಾರದು. ಸರಿಯೇ. “ತಾಳಮ್ಮ, ಈಗಲೇ ಅಂಕಿ ಹೇಳಬೇಡಿ, ಲೆಕ್ಕ ಹಾಕಿಕೊಂಡು ಬನ್ನಿ” ಎಂದು ಅವತ್ತು ಅವರು ನನಗೆ ಹೇಳಿದ್ದರೆ ಎದುರಿನವರಿಗೆ ಅದು ಪಕ್ಷಪಾತವಾಗಿ ಕಾಣುತ್ತಿತ್ತು. ಅವರ ಕೈ ಕಟ್ಟಿತ್ತು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಅದೇ ಮಾತನ್ನು ಹದಿನೈದು ದಿನ ಮುಂಚೆ, ಇಬ್ಬರಿಗೂ, ಒಂದೇ ಹಾಳೆಯಲ್ಲಿ ಬರೆದು ಕಳಿಸಿದ್ದರೆ ಯಾವ ಪಕ್ಷಪಾತವೂ ಇರುತ್ತಿರಲಿಲ್ಲ. ಒಳಗೆ ಒಬ್ಬರಿಗೆ ಹೇಳಲಾಗದ್ದನ್ನು ಹೊರಗೆ ಇಬ್ಬರಿಗೂ ಹೇಳಬಹುದು. ಹೇಳದೆ ಹೋದರೆ, ತಾವು ಎಷ್ಟೇ ತಟಸ್ಥರಾಗಿ ಕೂತರೂ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ. ಯಾರಿಗೆ ಒಳ್ಳೆಯ ಸಹೋದ್ಯೋಗಿ ಸಿಕ್ಕಿದ್ದರೋ ಆ ಕಡೆ.

ಆ ಕೊಠಡಿಯಲ್ಲಿ ಯಾರು ಏನು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಮಧ್ಯಸ್ಥಗಾರರನ್ನು ನ್ಯಾಯಾಧೀಶರೆಂದೇ ತಿಳಿದು, ಮಾತಾಡುವಾಗಲೆಲ್ಲ ಅವರ ಕಡೆಗೇ ತಿರುಗಿ ಸಮಜಾಯಿಷಿ ಕೊಡುತ್ತಿದ್ದೆ. ಅವರು ಯಾವ ತೀರ್ಪನ್ನೂ ಕೊಡುವುದಿಲ್ಲ, ಒಪ್ಪಿಸಬೇಕಾದ್ದು ಅವರನ್ನಲ್ಲ ಎಂದು ಹೊಳೆಯುವ ಹೊತ್ತಿಗೆ ಮೂರನೇ ದಿನ. ಇನ್ನೊಂದು, ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎನ್ನುವ ಗೋಪ್ಯತೆಯ ನಿಯಮ. ಭಾರತದ 2023ರ ಮಧ್ಯಸ್ಥಿಕೆ ಕಾಯ್ದೆ ಇದನ್ನು ಬರವಣಿಗೆಯಲ್ಲೇ ಇಟ್ಟಿದೆ, ಬೇರೆ ಬೇರೆ ದೇಶಗಳ ಕಾನೂನುಗಳಲ್ಲೂ ಇದೆ. ಮಗುವಿಗೆ ಅಪಾಯವಿದ್ದರೆ, ಹಿಂಸೆಯ ಭಯವಿದ್ದರೆ ಅದಕ್ಕೆ ವಿನಾಯಿತಿಗಳೂ ಇವೆ. ಇದನ್ನು ಮೊದಲ ದಿನ ಗಡಿಬಿಡಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿದ್ದರು. ಎದೆ ಹೊಡೆದುಕೊಳ್ಳುತ್ತಿರುವವರ ಕಿವಿಗೆ ಅದು ಬೀಳುವುದಿಲ್ಲ. ‘ಏನಾದರೂ ಬಾಯಿಬಿಟ್ಟರೆ ನಾಳೆ ಕೋರ್ಟಿನಲ್ಲಿ ಹಿಡಿಯುತ್ತಾರೆ’ ಎಂದುಕೊಂಡು ಅರ್ಧಕ್ಕರ್ಧ ಮಾತು ನುಂಗಿಕೊಂಡೇ ಕೂತಿದ್ದೆ.

ಇದೇನು ಯಾರೂ ಮಾಡದ ಹೊಸ ಕೆಲಸವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ, ಮಕ್ಕಳ ಅಥವಾ ಹಣದ ವಿಚಾರಕ್ಕೆ ಕೋರ್ಟಿಗೆ ಅರ್ಜಿ ಹಾಕುವವರು ಅದಕ್ಕೂ ಮೊದಲು ಮಧ್ಯಸ್ಥಗಾರರೊಬ್ಬರನ್ನು ಭೇಟಿಯಾಗಿ ಮಾಹಿತಿ ಪಡೆದಿರಬೇಕು. ಗಮನಿಸಿ, ಅದು ಮಾತುಕತೆಯಲ್ಲ. ಮಧ್ಯಸ್ಥಿಕೆ ಎಂದರೇನು, ತಮ್ಮ ಪ್ರಕರಣಕ್ಕೆ ಅದು ಹೊಂದುತ್ತದೆಯೇ ಎಂದು ತಿಳಿಯುವ ಭೇಟಿ. ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಅದರಿಂದ ವಿನಾಯಿತಿಯಿದೆ. ಹಣದ ವಿಚಾರಕ್ಕಾದರೆ ಅಲ್ಲಿ ಒಂದು ಉದ್ದನೆಯ ನಮೂನೆಯೇ ಇದೆ, ಹನ್ನೆರಡು ತಿಂಗಳ ಬ್ಯಾಂಕ್ ವಿವರ ಅದರ ಜೊತೆ ಹೋಗಬೇಕು. ಆಸ್ಟ್ರೇಲಿಯಾದಲ್ಲಿ ಮಕ್ಕಳ ವಿಚಾರಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ ಮಧ್ಯಸ್ಥಿಕೆಗೆ ಪ್ರಾಮಾಣಿಕವಾಗಿ ಯತ್ನಿಸಿದ ಪ್ರಮಾಣಪತ್ರ ಬೇಕು, ಅಲ್ಲೂ ಹಿಂಸೆಯ ಪ್ರಕರಣಗಳನ್ನು ಹೊರಗಿಟ್ಟಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಸುಪರ್ದಿಯ ಜಗಳಕ್ಕೆ 1981ರಿಂದಲೇ ಮಧ್ಯಸ್ಥಿಕೆ ಕಡ್ಡಾಯ. ಭಾರತದಲ್ಲಿ ರಾಜಿಗೆ ಯತ್ನಿಸುವುದು ನ್ಯಾಯಾಲಯದ್ದೇ ಕರ್ತವ್ಯ ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಅಫಿಡವಿಟ್ಟಿನಲ್ಲಿ, ಅಂದರೆ ಆಣೆ ಮಾಡಿ ಕೊಡುವ ಹೇಳಿಕೆಯಲ್ಲಿ, ಬರೆದು ಸಲ್ಲಿಸಬೇಕೆಂದು ಹೇಳಿ, ಅದಕ್ಕೆ ನಮೂನೆಯನ್ನೂ ತೀರ್ಪಿನ ಜೊತೆಗೇ ಕೊಟ್ಟಿತು. ಕೆಲಸ ಅರ್ಧ ಆಗಿಯೇ ಇದೆ ಮಾನ್ಯರೇ. ಆ ನಮೂನೆಯನ್ನು ಮಾತುಕತೆಗೆ ಬರುವ ಮೊದಲು ತುಂಬಿಸಿಕೊಂಡು ಬರಲು ಹೇಳಿದರಾಯಿತು.

ಹಣದ್ದು ಹಾಗಿರಲಿ, ಲೆಕ್ಕ ತಪ್ಪಿದರೆ ತಿದ್ದಬಹುದು. ಮಗಳ ವಿಚಾರದಲ್ಲಿ ಆದದ್ದೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು.

ಮೊದಲ ದಿನ ತಾತ್ಕಾಲಿಕ ಏರ್ಪಾಟೆಂದು ಒಂದು ಸಾಲು ಬರೆದುಕೊಂಡೆವು: ‘ವಾರ ಬಿಟ್ಟು ವಾರ, ವಾರಾಂತ್ಯದಲ್ಲಿ ಮಗು ತಂದೆಯ ಬಳಿ ಇರತಕ್ಕದ್ದು.’ ಇಬ್ಬರೂ ತಲೆಯಾಡಿಸಿದೆವು. ಎಲ್ಲರಿಗೂ ಒಂದು ದೊಡ್ಡ ವಿಷಯ ಮುಗಿಯಿತೆಂಬ ನಿರಾಳ. ವಾರಾಂತ್ಯ ಯಾವಾಗ ಶುರುವಾಗುತ್ತದೆ? ನನ್ನ ಪ್ರಕಾರ ಶನಿವಾರ ಬೆಳಿಗ್ಗೆ. ಅವರ ಪ್ರಕಾರ ಶುಕ್ರವಾರ ಶಾಲೆ ಬಿಟ್ಟ ಕೂಡಲೇ. ಮುಗಿಯುವುದು ಯಾವಾಗ? ಭಾನುವಾರ ಸಂಜೆಯೋ, ಸೋಮವಾರ ಶಾಲೆಯ ಬಾಗಿಲಲ್ಲೋ? ಇದೊಂದು ಪದದ ಮೇಲೆ ಮೂರು ತಿಂಗಳು ಜಗಳವಾಡಿದೆವು. ತಮಾಷೆಯೆಂದರೆ, ಅವರಿಗೆ ಶನಿವಾರಗಳಲ್ಲಿ ಪಾಳಿಯ ಕೆಲಸ ಇದೆಯೆನ್ನುವುದು ಆ ಸಾಲನ್ನು ಬರೆಯುವಾಗ ಅವರಿಗೇ ನೆನಪಾಗಿರಲಿಲ್ಲ. ಮೂರನೇ ಸರದಿಗೇ ಏರ್ಪಾಟು ಮುರಿಯಿತು.

ಒಂದು ಸೋಮವಾರ ಗಣಿತದ ಟೆಸ್ಟು. ಅವಳ ಜಾಮಿಟ್ರಿ ಬಾಕ್ಸು ಅಪ್ಪನ ಮನೆಯಲ್ಲಿ ಉಳಿದಿತ್ತು. ಭಾನುವಾರ ರಾತ್ರಿ ಒಂಬತ್ತಕ್ಕೆ ಅದನ್ನು ತರಿಸಿಕೊಳ್ಳಲು ಫೋನು ಮಾಡಿದರೆ, ಮಾತು ಬಾಕ್ಸಿನಿಂದ ಶುರುವಾಗಿ ಹನ್ನೊಂದು ವರ್ಷ ಹಿಂದಕ್ಕೆ ಹೋಯಿತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಮರುದಿನ ಪಕ್ಕದ ಹುಡುಗಿಯ ಕೈವಾರ ಇಸಿದುಕೊಂಡು ವೃತ್ತ ಎಳೆದಳಂತೆ. ಆಮೇಲಿಂದ ಅವಳು ಶುಕ್ರವಾರವೇ ಎಲ್ಲವನ್ನೂ ಬ್ಯಾಗಿಗೆ ತುಂಬಿ, ಎರಡೆರಡು ಸಲ ತೆಗೆದು ನೋಡಿ ಇಡಲು ಶುರುಮಾಡಿದಳು. ಒಂಬತ್ತು ವರ್ಷದ ಮಗು ಮಾಡಬೇಕಾದ ತಯಾರಿ ಅದಲ್ಲ. ತಯಾರಾಗಬೇಕಿದ್ದವರು ನಾವು.

ಆ ದಿನ ನಮ್ಮಿಬ್ಬರ ಕೈಯಲ್ಲೂ ಮಗಳ ಒಂದು ವಾರದ ವೇಳಾಪಟ್ಟಿ ಬರೆದ ಹಾಳೆ ಇದ್ದಿದ್ದರೆ ಸಾಕಿತ್ತು. ಏಳುವುದು ಎಷ್ಟಕ್ಕೆ, ಶಾಲೆಗೆ ಬಿಡುವವರು ಯಾರು, ಜ್ವರ ಬಂದರೆ ರಜೆ ಹಾಕುವವರು ಯಾರು, ಬೇಸಿಗೆ ರಜೆ ಹೇಗೆ, ಬಟ್ಟೆ ಪುಸ್ತಕ ಎರಡು ಮನೆಯಲ್ಲೂ ಇರಬೇಕೇ, ಆ ಮನೆಯಲ್ಲಿದ್ದಾಗ ಈ ಮನೆಗೆ ಫೋನು ಯಾವ ಹೊತ್ತಿಗೆ, ಪಾಸ್‌ಪೋರ್ಟು ಯಾರ ಬಳಿ, ಬರಲಾಗದಿದ್ದರೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು. ಕೊನೆಯ ಒಪ್ಪಂದದಲ್ಲಿ ಇವೆಲ್ಲ ಬಂದವು. ವಾರಾಂತ್ಯ ಎನ್ನುವ ಪದ ಅದರಲ್ಲಿಲ್ಲ. ‘ಶುಕ್ರವಾರ ಸಂಜೆ 6 ಗಂಟೆಯಿಂದ ಭಾನುವಾರ ಸಂಜೆ 5 ಗಂಟೆಯವರೆಗೆ’ ಎಂದಿದೆ.

ಇಷ್ಟು ಸಣ್ಣ ವಿವರಕ್ಕೆ ಇಷ್ಟೊಂದು ಮಾತೇ ಎಂದು ತಮಗೆ ಅನಿಸಬಹುದು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಎಮೆರಿ ಮತ್ತು ಸಂಗಡಿಗರು, ಸುಪರ್ದಿಗಾಗಿ ಕೋರ್ಟಿಗೆ ಬಂದ ಕುಟುಂಬಗಳಲ್ಲಿ ಕೆಲವನ್ನು ಮಧ್ಯಸ್ಥಿಕೆಗೂ ಕೆಲವನ್ನು ಎಂದಿನ ಕೋರ್ಟು ದಾರಿಗೂ ಚೀಟಿ ಎತ್ತಿದ ಹಾಗೆ ಹಂಚಿ, ಹನ್ನೆರಡು ವರ್ಷದ ಮೇಲೆ ಮತ್ತೆ ಹೋಗಿ ವಿಚಾರಿಸಿದರು. ಅದರ ವರದಿ ಬಂದದ್ದು 2001ರಲ್ಲಿ. ಮಗುವಿನ ಜೊತೆ ಒಂದೇ ಮನೆಯಲ್ಲಿರದ ತಂದೆ ಅಥವಾ ತಾಯಿ ವಾರಕ್ಕೊಮ್ಮೆಯಾದರೂ ಮಗುವನ್ನು ಕಾಣುತ್ತಿದ್ದದ್ದು ಮಧ್ಯಸ್ಥಿಕೆಗೆ ಹೋದವರಲ್ಲಿ ನೂರಕ್ಕೆ 28 ಮಂದಿ, ಕೋರ್ಟು ದಾರಿ ಹಿಡಿದವರಲ್ಲಿ 9 ಮಂದಿ. ಮಧ್ಯಸ್ಥಿಕೆಗೆ ಹಿಡಿದದ್ದು ಸರಾಸರಿ ಐದಾರು ಗಂಟೆ. ಐದಾರು ಗಂಟೆಯ ಮಾತುಕತೆಯ ಫಲ ಹನ್ನೆರಡು ವರ್ಷ ಉಳಿಯುವುದಾದರೆ, ಆ ಗಂಟೆಗಳಿಗೆ ಹೋಗುವ ಮುಂಚಿನ ಹದಿನೈದು ದಿನವನ್ನು ನಮಗೆ ಯಾಕೆ ಸುಮ್ಮನೆ ಕಳೆಯಲು ಬಿಡುತ್ತೀರಿ?

ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡನೇ ಸಲದ ಹಿಂದಿನ ರಾತ್ರಿ ಮಗಳನ್ನು ಕೂರಿಸಿಕೊಂಡು, “ನಿಂಗೆ ಯಾರ ಹತ್ರ ಇರ್ಬೇಕು, ಹೇಳು” ಅಂತ ಕೇಳಿದ್ದೆ. ಅದನ್ನೂ ನಾನು ತಯಾರಿ ಎಂದೇ ಭಾವಿಸಿದ್ದೆ. ಅವಳು ತುಂಬ ಹೊತ್ತು ಹೊದಿಕೆಯ ನೂಲು ಎಳೆಯುತ್ತಾ ಕೂತು, “ಅಮ್ಮಾ, ನೀನೇ ಹೇಳು, ನಾನು ಅದನ್ನೇ ಹೇಳ್ತೀನಿ” ಅಂದಳು. ಮಗುವಿಗೆ ತನ್ನ ವಿಚಾರದಲ್ಲಿ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಹೇಳುವ ಹಕ್ಕು ಬೇರೆ, ಆರಿಸುವ ಭಾರ ಬೇರೆ. ಕೆಲವು ಕಡೆ ತರಬೇತಿ ಪಡೆದವರು ಮಗುವಿನ ಜೊತೆ ಬೇರೆಯಾಗಿ ಕೂತು ಮಾತಾಡಿ, ಅದು ಹೇಳಬಹುದೆಂದ ಮಾತನ್ನಷ್ಟೇ ತಂದೆತಾಯಿಗೆ ಮುಟ್ಟಿಸುತ್ತಾರೆ. ಆ ಸೌಲಭ್ಯ ಎಲ್ಲ ಕಡೆ ಇಲ್ಲದಿರಬಹುದು. ‘ಯಾರು ಬೇಕೆಂದು ಮಗುವನ್ನು ಕೇಳಬೇಡಿ’ ಎಂಬ ಒಂದು ಸಾಲು ಬರೆಯಲು ಯಾವ ಸೌಲಭ್ಯವೂ ಬೇಡ. ಆ ಸಾಲು ನನ್ನ ಕೈಗೆ ಸಿಕ್ಕಿದ್ದರೆ ಆ ರಾತ್ರಿ ನನ್ನ ಮಗಳು ಮಲಗುತ್ತಿದ್ದಳು.

ಇನ್ನು ನಾನು ಅನುಭವಿಸದ, ಆದರೆ ಕಣ್ಣಾರೆ ಕಂಡ ಒಂದು ವಿಷಯ. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳೊಬ್ಬರು ಗೋಡೆಗೆ ಬೆನ್ನು ಕೊಟ್ಟು, ಮೆಟ್ಟಿಲು ಕಾಣುವ ಹಾಗೆ ಕೂತಿದ್ದರು. ಮೆಟ್ಟಿಲಲ್ಲಿ ಯಾರ ಹೆಜ್ಜೆ ಸದ್ದಾದರೂ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕಾಯುತ್ತಿದ್ದ ವ್ಯಕ್ತಿ ಬಂದಾಗ ಆಕೆ ಮಾತೇ ಆಡಲಿಲ್ಲ. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು. ಹದಿನೈದು ನಿಮಿಷಕ್ಕೆಲ್ಲ ಮುಗಿಯಿತು. “ಎಲ್ಲಾದಕ್ಕೂ ಹ್ಞೂಂ ಅಂದೆ” ಎಂದು ನನಗೆ ಹೇಳಿ ಹೊರಟುಹೋದರು. ದಾಖಲೆಯಲ್ಲಿ ಅದು ಯಶಸ್ವಿ ಮಧ್ಯಸ್ಥಿಕೆ ಎಂದೇ ಬಿದ್ದಿರುತ್ತದೆ.

ಹೆಂಗಸರ ಮೇಲಿನ ಹಿಂಸೆ ತಡೆಗೆ ಯುರೋಪಿನ ದೇಶಗಳು 2011ರಲ್ಲಿ ಇಸ್ತಾಂಬುಲ್‌ನಲ್ಲಿ ಮಾಡಿಕೊಂಡ ಒಪ್ಪಂದದ 48ನೇ ವಿಧಿ, ಇಂಥ ಹಿಂಸೆಯ ವಿಚಾರದಲ್ಲಿ ಮಧ್ಯಸ್ಥಿಕೆಯನ್ನು ಕಡ್ಡಾಯ ಮಾಡಕೂಡದು ಎನ್ನುತ್ತದೆ. ಆದರೆ ಹಿಂಸೆ ಇದೆಯೋ ಇಲ್ಲವೋ ಎಂದು ಕೇಳುವವರು ಯಾರು, ಎಲ್ಲಿ, ಯಾವಾಗ? ಹೊಡೆಯುವವನ ಪಕ್ಕದ ಕುರ್ಚಿಯಲ್ಲಿ ಕೂರಿಸಿ “ನಿಮಗೇನಾದರೂ ಭಯ ಇದೆಯಾ” ಎಂದು ಕೇಳಿದರೆ ಸಿಗುವ ಉತ್ತರ ಒಂದೇ. ಮೊದಲ ಭೇಟಿಗೆ ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕರೆಯಿರಿ. ಭಯವಿದ್ದರೆ ಎರಡು ಕೊಠಡಿಯಲ್ಲಿ ಕೂರಿಸಿ ಮಧ್ಯಸ್ಥಗಾರರೇ ಅತ್ತಿಂದಿತ್ತ ಓಡಾಡಿ ಮಾತು ಮುಟ್ಟಿಸುವ ಪದ್ಧತಿಯಿದೆ, ವಿಡಿಯೊ ಮೂಲಕವೂ ನಡೆಸಬಹುದು, ಇದು ನನ್ನಿಂದಾಗದು ಎಂದು ಹಿಂದೆ ಸರಿಯಲೂಬಹುದು. ಹಿಂದೆ ಸರಿದರೆ ನ್ಯಾಯಾಧೀಶರ ಮುಂದೆ ‘ಸಹಕರಿಸಲಿಲ್ಲ’ ಎಂಬ ಹಣೆಪಟ್ಟಿ ಬೀಳುವುದಿಲ್ಲ ಎನ್ನುವುದನ್ನೂ ಬರೆದು ಕೊಡಿ. ಆ ಹೆಣ್ಣುಮಗಳಿಗೆ ಇದರಲ್ಲಿ ಒಂದೂ ಗೊತ್ತಿದ್ದ ಹಾಗೆ ನನಗೆ ಕಾಣಲಿಲ್ಲ.

ಮಧ್ಯಸ್ಥಗಾರರೊಬ್ಬರ ಹತ್ತಿರ ಹೀಗೊಮ್ಮೆ ಮಾತಾಡಿದಾಗ ಅವರು, “ತಯಾರಾಗಿ ಬಂದವರು ಹಟ ಹಿಡೀತಾರೆ, ಏನೂ ತಿಳಿಯದೆ ಬಂದವರನ್ನ ಒಪ್ಪಿಸೋದು ಸುಲಭ” ಅಂದಿದ್ದರು. ಪ್ರಾಮಾಣಿಕ ಮಾತು, ಅದಕ್ಕೇ ಹೆಚ್ಚು ಕಾಡಿತು. ನನ್ನ ಅನುಭವ ಇದಕ್ಕೆ ಉಲ್ಟಾ. ಮೊದಲ ದಿನ, ಏನೂ ತಯಾರಿಲ್ಲದವಳು, ಮಲಗುವ ಕೋಣೆಯ ದೊಡ್ಡ ಬೀರು ನನಗೇ ಬೇಕೆಂದು ಇಪ್ಪತ್ತು ನಿಮಿಷ ವಾದ ಮಾಡಿದ್ದೆ. ಆಮೇಲೆ ಮನೆಯಲ್ಲಿ ಕೂತು ಒಂದು ಹಾಳೆಯನ್ನು ಮೂರು ಭಾಗ ಮಾಡಿದೆ: ಬಿಟ್ಟುಕೊಡಲಾಗದ್ದು, ಬಿಟ್ಟುಕೊಡಬಹುದಾದ್ದು, ನನಗೇ ಇನ್ನೂ ಗೊತ್ತಿಲ್ಲದ್ದು. ಬೀರು ಎರಡನೆಯದಕ್ಕೆ ಹೋಯಿತು. ನಾನು ಹಿಡಿದ ಬಾಡಿಗೆ ಮನೆಯ ಬಾಗಿಲಲ್ಲಿ ಅದು ತೂರುತ್ತಲೂ ಇರಲಿಲ್ಲ. ಅತಿ ಉದ್ದವಾದದ್ದು ಮೂರನೆಯ ಪಟ್ಟಿ, ಅದನ್ನು ಹಿಡಿದುಕೊಂಡೇ ಬೇರೆ ವಕೀಲರೊಬ್ಬರ ಬಳಿ ಹೋದೆ. ಒಪ್ಪಂದ ಆಗದಿದ್ದರೆ ಕೋರ್ಟಿನಲ್ಲಿ ಸುಮಾರಾಗಿ ಏನು ಸಿಗಬಹುದು, ಎಷ್ಟು ಕಾಲ ಹಿಡಿಯಬಹುದು ಎಂದು ಕೇಳಿ ತಿಳಿದುಕೊಂಡೆ. ಅದು ಗೊತ್ತಾದ ಮೇಲೆಯೇ ಎದುರಿನವರು ಮುಂದಿಡುವುದು ಒಪ್ಪತಕ್ಕದ್ದೋ ಅಲ್ಲವೋ ಎಂದು ಅಳೆಯುವ ಅಳತೆಗೋಲು ಕೈಗೆ ಬಂತು. ಏನೂ ತಿಳಿಯದವರನ್ನು ಒಪ್ಪಿಸುವುದು ಸುಲಭವಿರಬಹುದು, ಅವರು ಆರು ತಿಂಗಳಿಗೆ ಮತ್ತೆ ಕೋರ್ಟಿಗೆ ಬರುತ್ತಾರೆ.

ಒಳ್ಳೆಯದನ್ನೂ ಹೇಳಬೇಕು. ಐದನೇ ಸಲ ಕೂರುವ ಹೊತ್ತಿಗೆ ಬೇರೆ ಮಧ್ಯಸ್ಥಗಾರರು ಬಂದಿದ್ದರು. ಕರಡು ಸಿದ್ಧವಾಯಿತು, ಎಲ್ಲರೂ ದಣಿದಿದ್ದೆವು, ಪೆನ್ನು ನನ್ನ ಕೈಯಲ್ಲೇ ಇತ್ತು. “ಇವತ್ತು ಬೇಡ. ಮನೆಗೆ ತಗೊಂಡು ಹೋಗಿ, ಒಂದು ವಾರ ಇಟ್ಕೊಳ್ಳಿ, ನಿಮ್ಮ ನಿಮ್ಮ ವಕೀಲರಿಗೆ ತೋರಿಸಿ” ಎಂದು ಇಬ್ಬರಿಗೂ ಒಂದೊಂದು ಪ್ರತಿ ಕೊಟ್ಟರು. ಆ ವಾರದಲ್ಲಿ ನಾನು ಒಂದು, ಮಗಳ ತಂದೆ ಎರಡು ತಿದ್ದುಪಡಿ ಸೂಚಿಸಿದೆವು. ಮೂರೂ ಜಗಳವಿಲ್ಲದೆ ಸೇರಿದವು. ಆ ಮಧ್ಯಸ್ಥಗಾರರ ಹೆಸರು ಇಲ್ಲಿ ಬರೆಯುವಂತಿಲ್ಲ. ಇದನ್ನು ಓದಿದರೆ ಅವರಿಗೆ ತಿಳಿಯುತ್ತದೆ.

ನನ್ನ ಕೋರಿಕೆಗೆ ಹೊಸ ಕಾನೂನು ಬೇಡ, ಹೊಸ ಹುದ್ದೆಯೂ ಬೇಡ. ನೋಟಿಸು ತಾರೀಕಿಗೆ ಕನಿಷ್ಠ ಹದಿನೈದು ದಿನ ಮುಂಚೆ ಕೈಸೇರಲಿ. ಅದರ ಹಿಂಬದಿಯಲ್ಲಿ, ನಾವು ಮನೆಯಲ್ಲಿ ಆಡುವ ಭಾಷೆಯಲ್ಲಿ, ‘ತತ್ಸಂಬಂಧ’, ‘ಮೇಲ್ಕಂಡ’ಗಳಿಲ್ಲದೆ, ಮಧ್ಯಸ್ಥಗಾರರು ಯಾರು, ಅವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂದು ನಾಲ್ಕು ಸಾಲು ಇರಲಿ. ಏನು ತರಬೇಕು, ಏನು ತರಬೇಕಿಲ್ಲ ಎರಡನ್ನೂ ಬರೆಯಿರಿ. ನನ್ನ 140 ಪುಟ ಯಾರಿಗೂ ಬರಬಾರದು. ಓದಲು ಬಾರದವರಿಗೆ, ಕಣ್ಣು ಕಾಣದವರಿಗೆ ಫೋನಿನಲ್ಲಿ ಹೇಳುವ ಏರ್ಪಾಟು ಇರಲಿ. ಮೊದಲ ಭೇಟಿ ಬೇರೆ ಬೇರೆಯಾಗಿ ಆಗಲಿ, ಆ ದಿನ ಅಂಕಿ ಕೇಳಬೇಡಿ. ಲೆಕ್ಕ ಬರೆಯಲು, ವಕೀಲರನ್ನು ಕಾಣಲು, ದುಡ್ಡಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಲು ಸಮಯ ಕೊಡಿ. ಮಾತಿನ ನಡುವೆ ಗಂಟಲು ಕಟ್ಟಿದರೆ ಐದು ನಿಮಿಷ ಹೊರಗೆ ಹೋಗಿ ಬರಬಹುದು ಎನ್ನುವುದನ್ನೂ ಬರೆಯಿರಿ. ಸಣ್ಣದು ಅನಿಸಬಹುದು, ಎದ್ದರೆ ಸೋತ ಹಾಗೆ ಎಂದುಕೊಂಡು ಒಂದೂವರೆ ಗಂಟೆ ಕುರ್ಚಿಗೆ ಅಂಟಿ ಕೂತವಳು ಹೇಳುತ್ತಿದ್ದೇನೆ. ಸಹಿಗೆ ಮುನ್ನ ಒಂದು ವಾರ ಎಲ್ಲರಿಗೂ ಸಿಗಲಿ, ಒಳ್ಳೆಯ ಮಧ್ಯಸ್ಥಗಾರರು ಸಿಕ್ಕವರಿಗೆ ಮಾತ್ರವಲ್ಲ.

ನ್ಯಾಯಾಧೀಶರಲ್ಲಿ ಬೇರೆಯಾಗಿ ಒಂದು ಮನವಿ. ‘ಮಧ್ಯಸ್ಥಿಕೆಗೆ ಕಳಿಸಲಾಗಿದೆ’ ಎಂದು ತಾವು ಬರೆಸುವಾಗ ನಾವಿಬ್ಬರೂ ಎದುರಿಗೇ ನಿಂತಿರುತ್ತೇವೆ. ಆ ಒಂದು ನಿಮಿಷದಲ್ಲಿ ತಾವೇ, “ಲೆಕ್ಕ ಬರೆದುಕೊಂಡು ಹೋಗಿ, ಮಗುವಿನ ವಾರದ ದಿನಚರಿ ಬರೆದುಕೊಂಡು ಹೋಗಿ” ಎಂದರೆ ಅದನ್ನು ಯಾರೂ ಫಾರ್ಮಾಲಿಟಿ ಎಂದುಕೊಳ್ಳುವುದಿಲ್ಲ, ನನ್ನ ಮೊದಲ ವಕೀಲರು ಕೂಡ.

ಹಿಂಬದಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ ಎಂದು ತಾವು ಹೇಳಬಹುದು. ಮೊನ್ನೆ ಪರಿಚಯದವರೊಬ್ಬರು ತಮಗೆ ಬಂದ ನೋಟಿಸು ಹಿಡಿದುಕೊಂಡು ಬಂದಿದ್ದರು. ಅದೇ ಅರ್ಧ ಹಾಳೆ. ತಾರೀಕಿಗೆ ಹನ್ನೆರಡು ದಿನವಿತ್ತು. ತಿರುಗಿಸಿ, ಪೆನ್ಸಿಲಿನಲ್ಲಿ, ನನಗೆ ಗೊತ್ತಿದ್ದಷ್ಟನ್ನು ಬರೆದುಕೊಟ್ಟೆ. ಕೆಳಗೆ ಇನ್ನೂ ಎರಡು ಬೆರಳಿನಷ್ಟು ಜಾಗ ಉಳಿದಿತ್ತು.

ಇಂತಿ ತಮ್ಮ ವಿಶ್ವಾಸಿ,
ಮೇಜಿನ ಈಚೆ ಬದಿಗೆ ಕೂತಿದ್ದ ಒಬ್ಬಳು